ತಪ್ಪಿದ ವಿಮಾನ, ಮುಗಿದು ಹೋದ ಗೋಷ್ಠಿ

ಪ್ರಶ್ನೆ: ನಾನು ಬಾಗಲಕೋಟೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕಿ. ಗುವಾಹಟಿಯ ಸಮ್ಮೇಳನವೊಂದರಲ್ಲಿ ಪ್ರಬಂಧ ಮಂಡಿಸಬೇಕಿತ್ತು. ಅದರ ಹಿಂದಿನ ದಿನ ನಸುಕಿನ ನಾಲ್ಕಕ್ಕೆ ಬಾಡಿಗೆ ಕಾರು ಮಾಡಿಕೊಂಡು ಲೋಕಾಪುರ, ಯರಗಟ್ಟಿ ಮಾರ್ಗವಾಗಿ ಬೆಳಗಾವಿಯ ಸಾಂಬ್ರಾ ನಿಲ್ದಾಣಕ್ಕೆ ಬಂದೆ. 8.30ರ ಬೆಂಗಳೂರು ವಿಮಾನ ಮೊದಲು 40 ನಿಮಿಷ ತಡವೆಂದರು, ಆಮೇಲೆ ಇನ್ನೊಂದು ತಾಸು ಎಂದರು. ಕೊನೆಗೆ ಅದು ಹೊರಟದ್ದು 11.50ಕ್ಕೆ. ಬೆಂಗಳೂರಿನಿಂದ 12.15ಕ್ಕೆ ಬೇರೊಂದು ಕಂಪನಿಯ ವಿಮಾನಕ್ಕೆ ಪ್ರತ್ಯೇಕ ಟಿಕೆಟ್ ಮಾಡಿಸಿದ್ದೆ. ಅದು ತಪ್ಪಿತು. 11,400 ರೂಪಾಯಿ ಕೊಟ್ಟು ಮರುದಿನದ ವಿಮಾನದಲ್ಲಿ ಹೋಗಿ ಸೇರುವಷ್ಟರಲ್ಲಿ ನನ್ನ ಗೋಷ್ಠಿ ಮುಗಿದಿತ್ತು. ಮೊದಲ ಕಂಪನಿ ‘ಹವಾಮಾನ’ ಎನ್ನುತ್ತದೆ, ಎರಡನೆಯದು ‘ನೀವೇ ಬರಲಿಲ್ಲ’ ಎನ್ನುತ್ತದೆ, ಕಾಲೇಜಿನ ಕಚೇರಿಯು ಹೊಸ ಟಿಕೆಟ್ಟಿನ ಹಣ ಕೊಡಲು ಒಪ್ಪುತ್ತಿಲ್ಲ. ನನಗೆ ಯಾರಿಂದ ಏನು ಸಿಗಬೇಕು?
— ಓದುಗರು, ಬಾಗಲಕೋಟೆ

ಉತ್ತರ: ಕಹಿ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬಾಗಲಕೋಟೆಯಿಂದ ಗುವಾಹಟಿಯವರೆಗಿನದು ನಿಮ್ಮ ಪಾಲಿಗೆ ಒಂದೇ ಪ್ರಯಾಣವಾದರೂ, ನೀವು ಎರಡು ಟಿಕೆಟ್ ಕೊಂಡ ಕ್ಷಣದಿಂದ ವಿಮಾನ ಕಂಪನಿಗಳ ಲೆಕ್ಕದಲ್ಲಿ ಅದು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಪ್ರಯಾಣ. ಎರಡೂ ಹಾರಾಟಗಳು ಒಂದೇ ಪಿಎನ್‌ಆರ್ ಸಂಖ್ಯೆಯಡಿ ಇದ್ದಿದ್ದರೆ ನಿಮ್ಮನ್ನು ಗುವಾಹಟಿಗೆ ಮುಟ್ಟಿಸುವ ಹೊಣೆ ಟಿಕೆಟ್ ಕೊಟ್ಟವರ ಮೇಲೆ ಉಳಿಯುತ್ತಿತ್ತು. ಬೇರೆ ಬೇರೆ ಕೊಂಡಾಗ ಕೆಲವು ನೂರು ರೂಪಾಯಿ ಉಳಿದಿರಬಹುದು, ಆದರೆ ನಡುವಿನ ಎರಡೂವರೆ ತಾಸಿನ ಅಪಾಯವನ್ನೆಲ್ಲ ನೀವೇ ಹೊತ್ತಂತಾಯಿತು.

ತಡದ ವಿಷಯದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಮಾಡಿರುವ ನಿಯಮ ಅನೇಕರು ಅಂದುಕೊಂಡಷ್ಟು ಉದಾರವಾಗಿಲ್ಲ. ವಿಮಾನ ರದ್ದಾದರೆ, ಅಥವಾ ಟಿಕೆಟ್ ಇದ್ದೂ ಹತ್ತಿಸಿಕೊಳ್ಳದಿದ್ದರೆ, ನಗದು ಪರಿಹಾರಕ್ಕೆ ಅವಕಾಶವಿದೆ. ಬರೀ ತಡವಾದರೆ ನಗದು ಇಲ್ಲ. ಎರಡೂವರೆ ತಾಸಿನೊಳಗಿನ ಹಾರಾಟ ಎರಡು ತಾಸಿಗಿಂತ ಹೆಚ್ಚು ತಡವಾದರೆ ಊಟ-ಉಪಾಹಾರ ಕೊಡಬೇಕು. ತಡ ಆರು ತಾಸು ದಾಟಿದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸು, ಎರಡರಲ್ಲೊಂದನ್ನು ನೀವು ಆರಿಸಿಕೊಳ್ಳಬಹುದು. ನಿಮ್ಮದು 3 ತಾಸು 20 ನಿಮಿಷದ ತಡವಾದ್ದರಿಂದ ಈ ನಿಯಮದಡಿ ನಿಮಗೆ ಸಲ್ಲಬೇಕಾದದ್ದು ಒಂದು ತಟ್ಟೆ ಉಪ್ಪಿಟ್ಟು, ಒಂದು ಕಪ್ ಚಹಾ. ಅದನ್ನಾದರೂ ಕೊಟ್ಟರೋ ಇಲ್ಲವೋ ನೀವು ಬರೆದಿಲ್ಲ.

ಆದರೆ ‘ಹವಾಮಾನ’ ಎಂಬ ಒಂದೇ ಮಾತಿಗೆ ಸುಮ್ಮನಾಗಬೇಡಿ. ಸಾಂಬ್ರಾದಂತಹ ಚಿಕ್ಕ ನಿಲ್ದಾಣದಲ್ಲಿ ಯಾವ ಕಂಪನಿಯೂ ಹೆಚ್ಚುವರಿ ವಿಮಾನವನ್ನು ಕಾಯ್ದಿರಿಸಿ ನಿಲ್ಲಿಸುವುದಿಲ್ಲ. ಬೇರೆ ಊರಿನಿಂದ ಬಂದ ವಿಮಾನವೇ ಅರ್ಧ ಗಂಟೆಯಲ್ಲಿ ಜನರನ್ನು ಇಳಿಸಿ, ಹತ್ತಿಸಿಕೊಂಡು ಮರಳಬೇಕು. ಆ ವಿಮಾನಕ್ಕೆ ಅಲ್ಲೆಲ್ಲೋ ಯಂತ್ರದೋಷ ಆಗಿದ್ದರೂ, ಸಿಬ್ಬಂದಿಯ ಕರ್ತವ್ಯದ ಅವಧಿ ಮುಗಿದಿದ್ದರೂ, ಬೆಳಗಾವಿಯಲ್ಲಿ ಕಾಯುತ್ತ ಕುಳಿತವರಿಗೆ ಕಾಣುವುದು ಕಿಟಕಿಯಾಚೆಯ ಮೋಡ ಮಾತ್ರ. ಜುಲೈ, ಆಗಸ್ಟ್‌ನಲ್ಲಿ ಬೆಳಗಾವಿಯ ಮಳೆ ಎಂಥದೆಂದು ಎಲ್ಲರಿಗೂ ಗೊತ್ತಿರುವುದರಿಂದ ಆ ಕಾರಣವನ್ನು ಯಾರೂ ಪ್ರಶ್ನಿಸುವುದೂ ಇಲ್ಲ. ನೀವು ಪ್ರಶ್ನಿಸಿ. ವಿಮಾನ ನಿಲ್ದಾಣಗಳ ಹವಾಮಾನವನ್ನು ನಿಯತವಾಗಿ ದಾಖಲಿಸುವ ‘ಮೆಟಾರ್’ ಎಂಬ ಚುಟುಕು ವರದಿಗಳಿವೆ. ಗೋಚರತೆ ಎಷ್ಟು ಮೀಟರ್, ಮೋಡ ಎಷ್ಟು ಎತ್ತರದಲ್ಲಿ ಎಂಬುದೆಲ್ಲ ಅವುಗಳಲ್ಲಿರುತ್ತದೆ. ಆ ಬೆಳಗಿನ ವರದಿಯನ್ನು ತೆಗೆಸಿ ನೋಡಿ. ತಡಕ್ಕೆ ಕಾರಣವೇನೆಂದು ಕಂಪನಿಯನ್ನು ಇಮೇಲ್ ಮೂಲಕ ಕೇಳಿ, ಅವರ ಲಿಖಿತ ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಎರಡನೆಯ ಕಂಪನಿಯಿಂದ ನಿಮಗೆ ಬರಬೇಕಾದ ಒಂದು ಸಣ್ಣ ಮೊತ್ತವಿದೆ. ಪ್ರಯಾಣಿಕರು ಹತ್ತದೇ ಉಳಿದರೂ ಟಿಕೆಟ್ಟಿನಲ್ಲಿ ಸೇರಿಸಿದ್ದ ಶಾಸನಬದ್ಧ ತೆರಿಗೆ ಮತ್ತು ನಿಲ್ದಾಣ ಬಳಕೆ ಶುಲ್ಕವನ್ನು ಮರಳಿಸಬೇಕೆಂಬುದು ಡಿಜಿಸಿಎ ನಿಯಮ. ಕೇಳಿದವರಿಗೆ ಕೊಡುತ್ತಾರೆ, ಹೆಚ್ಚಿನವರು ಕೇಳುವುದಿಲ್ಲ.

ದೂರನ್ನು ಮೊದಲು ಕಂಪನಿಗೆ, ಆಮೇಲೆ ಕೇಂದ್ರ ವಿಮಾನಯಾನ ಸಚಿವಾಲಯದ ‘ಏರ್‌ಸೇವಾ’ ಜಾಲತಾಣಕ್ಕೆ ಸಲ್ಲಿಸಿ. ಅಲ್ಲಿಗೂ ಬಗೆಹರಿಯದಿದ್ದರೆ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದಾವೆ ಹೂಡಬಹುದಾದ್ದರಿಂದ ನೀವು ಬೆಂಗಳೂರಿಗಾಗಲಿ, ಕಂಪನಿಯ ಮುಖ್ಯ ಕಚೇರಿ ಇರುವ ಊರಿಗಾಗಲಿ ಅಲೆಯಬೇಕಿಲ್ಲ. ಬಾಗಲಕೋಟೆಯ ಜಿಲ್ಲಾ ಆಯೋಗವೇ ಸಾಕು. ಎರಡು ವರ್ಷದೊಳಗೆ ಹೂಡಬೇಕು, ವಕೀಲರು ಕಡ್ಡಾಯವಲ್ಲ. ಕೈತಪ್ಪಿದ ಗೋಷ್ಠಿಗೆ ಬೆಲೆ ಕಟ್ಟಿಸುವುದು ಕಷ್ಟ. ಆದರೆ ತಡಕ್ಕೆ ಕಂಪನಿಯ ನಿರ್ಲಕ್ಷ್ಯವೇ ಕಾರಣವೆಂದು ತೋರಿಸಲು ಸಾಧ್ಯವಾದರೆ 11,400 ರೂಪಾಯಿಯನ್ನು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಕಾಲೇಜಿನ ಕಚೇರಿಯ ಗುಮಾಸ್ತರ ಮೇಲೆ ಸಿಟ್ಟಾಗಬೇಡಿ. ಅವರು ನೋಡುವುದು ಮಂಜೂರಾದ ಪ್ರವಾಸ ಕಾರ್ಯಕ್ರಮ ಮತ್ತು ಬೋರ್ಡಿಂಗ್ ಪಾಸ್ ಇವೆರಡನ್ನೇ. ಹೊಸ ಟಿಕೆಟ್ಟಿನ ಬೋರ್ಡಿಂಗ್ ಪಾಸ್, ವಿಮಾನ ತಡವಾಗಿತ್ತೆಂದು ಮೊದಲ ಕಂಪನಿ ಕೊಡುವ ಪ್ರಮಾಣಪತ್ರ, ತಡದ ಎಸ್‌ಎಂಎಸ್‌ಗಳ ಪ್ರತಿ, ಇಷ್ಟನ್ನು ಲಗತ್ತಿಸಿ, ಬದಲಾದ ಪ್ರಯಾಣಕ್ಕೆ ಘಟನೋತ್ತರ ಮಂಜೂರಾತಿ ಕೋರಿ ಪ್ರಾಂಶುಪಾಲರಿಗೆ ಅರ್ಜಿ ಬರೆಯಿರಿ.

ನನ್ನ ದೃಷ್ಟಿಯಲ್ಲಿ ನೀವು ನಿಜವಾಗಿ ಕಳೆದುಕೊಂಡದ್ದು ಬೆಳಗಿನ 9.30ರ ಸುಮಾರಿನ ಅರ್ಧ ತಾಸನ್ನು. ಎರಡನೆಯ ಸಲ ತಡ ಘೋಷಿಸಿದಾಗಲೇ 12.15ರದ್ದು ಅನುಮಾನವಾಗಿತ್ತು. ಹೊರಡುವ ಸಮಯಕ್ಕೆ ಕೆಲವು ತಾಸು ಮುಂಚೆ ಕೇಳಿಕೊಂಡರೆ ಹೆಚ್ಚಿನ ಕಂಪನಿಗಳು ಶುಲ್ಕ ಪಡೆದು ದಿನವನ್ನೋ ವೇಳೆಯನ್ನೋ ಬದಲಿಸಿಕೊಡುತ್ತವೆ. ಆ ಗಡುವು ಮೀರಿದರೆ ಟಿಕೆಟ್ ಬರೀ ಕಾಗದ. ಸಮ್ಮೇಳನದ ಸಂಯೋಜಕರಿಗೂ ಆಗಲೇ ಫೋನ್ ಮಾಡಿದ್ದರೆ ಮಧ್ಯಾಹ್ನದ ಗೋಷ್ಠಿಗೆ ಹೆಸರು ಸರಿಸಲು ಅವರಿಗೆ ಇಡೀ ಒಂದು ದಿನ ಸಿಗುತ್ತಿತ್ತು. ಇನ್ನು ಮುಂದೆ ರಾತ್ರಿ ರೈಲಿನಲ್ಲೋ ಬಸ್ಸಿನಲ್ಲೋ ಬೆಂಗಳೂರಿಗೆ ಹೋಗಿ, ಮೆಜೆಸ್ಟಿಕ್‌ನಿಂದ ವಾಯು ವಜ್ರ ಬಸ್ ಹಿಡಿದು, ದೇವನಹಳ್ಳಿಯಿಂದ ನೇರ ವಿಮಾನ ಹತ್ತಿ. ಮೈ ನೋಯುತ್ತದೆ, ನಿಜ. ಆದರೆ ತಪ್ಪಿಸಿಕೊಳ್ಳಲು ನಡುವೆ ಇನ್ನೊಂದು ವಿಮಾನ ಇರುವುದಿಲ್ಲ.

ಪ್ರಶ್ನೆ: ವೈದ್ಯರ ಸಮಾವೇಶಕ್ಕೆಂದು ಹೈದರಾಬಾದಿನಿಂದ ದೆಹಲಿಗೆ ಹೋದಾಗ ಕೈಯಲ್ಲಿದ್ದ ಪೋಸ್ಟರ್ ಕೊಳವೆಯನ್ನು ಒಳಗೆ ಬಿಡದೆ ಲಗೇಜಿಗೆ ಹಾಕಿಸಿದರು. ಅದೂ ಸೂಟ್‌ಕೇಸೂ ಮರುದಿನ ಬಂದವು. ಇದಕ್ಕೆ ಪರಿಹಾರವಿದೆಯೇ?
— ಓದುಗರು, ವಿಜಯಪುರ

ಉತ್ತರ: ಸಮಾವೇಶಗಳು ಕೇಳುವ ಎ-ಸೊನ್ನೆ ಅಳತೆಯ ಪೋಸ್ಟರ್ 841 ಮಿ.ಮೀ. ಅಗಲ, 1189 ಮಿ.ಮೀ. ಉದ್ದ ಇರುತ್ತದೆ. ಸುರುಳಿ ಸುತ್ತಿದರೂ ಕೊಳವೆ 84 ಸೆಂ.ಮೀ.ಗಿಂತ ಚಿಕ್ಕದಾಗದು, ಕೈಚೀಲಕ್ಕೆ ನಮ್ಮ ಕಂಪನಿಗಳು ಸಾಮಾನ್ಯವಾಗಿ ಒಪ್ಪುವ ಉದ್ದ 55 ಸೆಂ.ಮೀ. ಹಾಗಾಗಿ ಬಾಗಿಲಲ್ಲಿ ತಡೆದವರದು ತಪ್ಪೆನ್ನಲಾಗದು. ಮುಂದಿನ ಸಲ ಬಟ್ಟೆಯ ಮೇಲೆ ಮುದ್ರಿಸಿಕೊಡುವ ಅಂಗಡಿಗೆ ಕೊಡಿ. ಅಂಗಿಯ ಹಾಗೆ ಮಡಚಿ ಕೈಚೀಲದಲ್ಲಿ ಇಟ್ಟುಕೊಳ್ಳಬಹುದು, ಸುಕ್ಕಾದರೆ ಹೋಟೆಲಿನಲ್ಲಿ ಇಸ್ತ್ರಿ ಪೆಟ್ಟಿಗೆ ಸಿಗುತ್ತದೆ. ಲಗೇಜು ಬಾರದಿದ್ದಾಗ ನಿಲ್ದಾಣದ ಹೊರಗೆ ಕಾಲಿಡುವ ಮೊದಲೇ ‘ಪಿಐಆರ್’ ಎಂಬ ದೂರಿನ ನಮೂನೆ ತುಂಬಿ ಸಂಖ್ಯೆ ಪಡೆದಿರಬೇಕು. ಪಡೆದಿದ್ದರೆ ಆ ಒಂದು ದಿನ ಅನಿವಾರ್ಯವಾಗಿ ಕೊಂಡ ಬಟ್ಟೆಬರೆಯ ರಸೀದಿಗಳನ್ನು ಅದರೊಂದಿಗೆ ಕಳಿಸಿ ಕೇಳಿ. ಸೂಟ್‌ಕೇಸಿನೊಳಗೆ ಪವರ್ ಬ್ಯಾಂಕ್ ಇತ್ತೇ ಎಂಬುದನ್ನೂ ನೆನಪಿಸಿಕೊಳ್ಳಿ. ಅದನ್ನು ಕೈಚೀಲದಲ್ಲಿ ಮಾತ್ರ ಒಯ್ಯಬೇಕು. ಎಕ್ಸ್‌-ರೇಯಲ್ಲಿ ಕಂಡರೆ ಚೀಲವನ್ನು ತಡೆದು ಪಕ್ಕಕ್ಕೆ ಇಡುತ್ತಾರೆ, ವಿಮಾನ ಅದಕ್ಕಾಗಿ ಕಾಯುವುದಿಲ್ಲ.