ಕಲ್ಲಿದ್ದಲು ಗಣಿಯಲ್ಲಿ ದೈತ್ಯ ಹಾವಿನ ಜೊತೆ ಹಳೇ ಮಳೆಕಾಡೂ ಸಿಕ್ಕಿದೆಯಂತೆ, ನಿಜವೇ?

ನಿಜ. ನೀವು ಕೇಳಿರುವ ಹಾವು ಟೈಟನೊಬೋವಾ, ಎಂದೋ ಅಳಿದುಹೋದದ್ದು. ಅದರ ಪಳೆಯುಳಿಕೆ ಸಿಕ್ಕಿದ್ದು ಕೊಲಂಬಿಯಾದ ಲಾ ಗ್ವಾಹಿರಾದಲ್ಲಿರುವ ಸೆರೆಹೋನ್ ಕಲ್ಲಿದ್ದಲು ಗಣಿಯಲ್ಲಿ. ಉದ್ದ ಸುಮಾರು 13 ಮೀಟರ್, ತೂಕ ಒಂದು ಟನ್‌ಗಿಂತ ಜಾಸ್ತಿ ಅಂತ 2009ರಲ್ಲಿ ಅಂದಾಜು ಮಾಡಿದರು. ಎಲ್ಲರೂ ಅದರ ಬಗ್ಗೆಯೇ ಬರೆಯುತ್ತಾರೆ. ಭೂವಿಜ್ಞಾನ ಓದಿದ ನನ್ನನ್ನು ಕೇಳಿದರೆ, ಆ ಗಣಿಯ ದೊಡ್ಡ ಸಂಪತ್ತು ಅಲ್ಲಿನ ಎಲೆಗಳ ಪಳೆಯುಳಿಕೆಗಳು.

ಸುಮಾರು 5.8ರಿಂದ 6 ಕೋಟಿ ವರ್ಷದ ಹಿಂದೆ ಅಲ್ಲಿ ಜೌಗು ಕಾಡಿತ್ತು. ಬಿದ್ದ ಮರಗಿಡ ನೀರಿನಲ್ಲಿ ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತು ಕಲ್ಲಿದ್ದಲಾಯಿತು. ಎಲೆಗಳು ಚೆನ್ನಾಗಿ ಉಳಿದಿರುವುದು ಆ ಪದರಗಳ ನಡುವಿನ ಜೇಡಿಕಲ್ಲಿನಲ್ಲಿ. ಕಲ್ಲನ್ನು ಸೀಳಿದರೆ ಎಲೆಯ ನರಗಳು ಎಳೆ ಎಳೆಯಾಗಿ ಕಾಣುತ್ತವೆ. ಹುಳು ತಿಂದ ತೂತು, ಅಂಚು ಕಡಿದ ಗುರುತು ಕೂಡ ಹಾಗೇ ಇವೆ. ಈಗ ಆ ಸೀಮೆ ಕುರುಚಲು ಗಿಡಗಳ ಒಣನೆಲ ಅನ್ನೋದು ನೆನಪಿರಲಿ!

ಗಿಡಗಳು ಯಾವುವು ಗೊತ್ತಾ? ನಮಗೆ ಪರಿಚಯದ ಮನೆತನಗಳೇ. ಅವರೆ, ಹುಣಸೆ ಸೇರುವ ಕುಟುಂಬದವು ಜಾಸ್ತಿ. ತಾಳೆಯ ಬಳಗ, ಕೆಸುವಿನ ಬಳಗ, ದಾಲ್ಚಿನ್ನಿಯ ಬಳಗ, ಅಮೃತಬಳ್ಳಿಯ ಕುಟುಂಬವೂ ಇವೆ. ಜಾತಿಗಳು ಬೇರೆ, ಕುಟುಂಬ ಅದೇ. ಎಲೆಗಳು ದೊಡ್ಡವು, ಹೆಚ್ಚಿನವುಗಳ ಅಂಚಿನಲ್ಲಿ ಗರಗಸದಂಥ ಹಲ್ಲಿಲ್ಲ. ಬಿಸಿಯಾಗಿ, ಮಳೆ ಜೋರಾಗಿರುವ ಕಡೆ ಎಲೆ ಹೀಗಿರುತ್ತದೆ. ಇದನ್ನೇ ಹಿಡಿದು ಆಗಿನ ಸರಾಸರಿ ಉಷ್ಣತೆ 28 ಡಿಗ್ರಿ ದಾಟಿತ್ತು, ವರ್ಷಕ್ಕೆ 3 ಮೀಟರ್‌ಗೂ ಜಾಸ್ತಿ ಮಳೆ ಬರುತ್ತಿತ್ತು ಅಂತ ಲೆಕ್ಕ ಹಾಕಿದ್ದಾರೆ.

ಆದರೆ ಜಾತಿಗಳ ಸಂಖ್ಯೆ ಈಗಿನ ಅಮೆಜಾನ್‌ಗಿಂತ ತುಂಬಾ ಕಡಿಮೆ. ಹುಳುಗಳೂ ಇಂಥದ್ದೇ ಗಿಡ ಬೇಕು ಅನ್ನದೆ ಸಿಕ್ಕಿದ್ದನ್ನೆಲ್ಲ ತಿಂದಿವೆ. ಯಾಕೆ ಹೀಗೆ? ಡೈನೋಸಾರ್‌ಗಳನ್ನು ಅಳಿಸಿದ ಕ್ಷುದ್ರಗ್ರಹ 6.6 ಕೋಟಿ ವರ್ಷದ ಹಿಂದೆ ಬಡಿದಾಗ ಆ ಪ್ರದೇಶದ ಸಸ್ಯ ವೈವಿಧ್ಯ ಸುಮಾರು 45% ಕುಸಿಯಿತು, ಚೇತರಿಸಿಕೊಳ್ಳಲು 60 ಲಕ್ಷ ವರ್ಷ ಹಿಡಿಯಿತು ಅಂತ 2021ರ ಅಧ್ಯಯನ ಹೇಳುತ್ತದೆ. ಸೆರೆಹೋನ್ ಕಾಡು ಇನ್ನೂ ಚೇತರಿಸಿಕೊಳ್ಳುತ್ತಿದ್ದ ಕಾಡಾಗಿದ್ದಿರಬಹುದು. ಕ್ಷುದ್ರಗ್ರಹ ಬಡಿಯುವ ಮುಂಚೆ ಆ ಪ್ರದೇಶದಲ್ಲಿ ಮರಗಳು ದೂರ ದೂರ ಇದ್ದವು, ನೆಲಕ್ಕೆ ಬಿಸಿಲು ಬೀಳುತ್ತಿತ್ತು, ಜರಿಗಿಡಗಳು, ಪೈನ್‌ನಂಥ ಶಂಕುಧಾರಿ ಮರಗಳು ಬೇಕಾದಷ್ಟಿದ್ದವು. ನೆತ್ತಿ ಮುಚ್ಚುವಂಥ ದಟ್ಟ ಹೂಗಿಡದ ಕಾಡು ಬಂದದ್ದು ಆ ಹೊಡೆತದ ನಂತರ.

ಇನ್ನೂ ಓದಬೇಕಿದ್ದರೆ ಈ ಸಸ್ಯ ಪಳೆಯುಳಿಕೆಗಳನ್ನು ಅಧ್ಯಯನ ಮಾಡಿದ ಫ್ಯಾಬಿಯಾನಿ ಹೆರೆರಾ, ಸ್ಕಾಟ್ ವಿಂಗ್, ಮೋನಿಕಾ ಕಾರ್ವಾಲೊ ಅವರ ಕೆಲಸ ಹುಡುಕಿ ನೋಡಿ. ಎಲೆಗಳ ಫೋಟೋಗಳನ್ನಂತೂ ಸುಮ್ನೆ ದಾಟಿ ಹೋಗಬೇಡಿ.