ಓದುಗರ ಪ್ರಶ್ನೆ, ನಮ್ಮ ಉತ್ತರ: ಮೇಪಲ್ ಸ್ನೇರ್, ಕೊಡಗಿನ ಮಳೆ, ಡ್ರಮ್ಮರನ ಗಾಡಿ

ಕಳೆದ ಸಂಚಿಕೆಯಲ್ಲಿ ಸ್ನೇರ್ ಡ್ರಮ್ಮಿನ (ಕೆಳಮುಖಕ್ಕೆ ತಂತಿ ಕಟ್ಟಿರುವ ಚಿಕ್ಕ ಡ್ರಮ್ಮಿನ) ಬಗ್ಗೆ ಬರೆದ ಕೆಲವು ಸಾಲುಗಳಿಗೆ ಕೊಡಗಿನ ಓದುಗರಿಂದಲೇ ಹೆಚ್ಚು ಪತ್ರಗಳು ಬಂದಿವೆ. ಅವುಗಳಲ್ಲಿ ಬಹುಪಾಲು ಮರದ ವಿಚಾರದಿಂದ ಆರಂಭವಾಗಿ ಗಾಡಿಯ ವಿಚಾರಕ್ಕೆ ಬಂದು ನಿಲ್ಲುತ್ತವೆ. ವರ್ಷದ ನಾಲ್ಕು ತಿಂಗಳು ಮಳೆ ಸುರಿಯುವ, ಮನೆಯಿಂದ ಮುಖ್ಯರಸ್ತೆಗೆ ಬರಲು ತೋಟದ ಕಲ್ಲುದಾರಿಯಲ್ಲಿ ಸಾಗಬೇಕಾದ ಈ ಜಿಲ್ಲೆಯಲ್ಲಿ ಅವೆರಡನ್ನು ಬೇರ್ಪಡಿಸಿ ಉತ್ತರಿಸುವುದು ನನಗೂ ಸರಿಯೆನಿಸುವುದಿಲ್ಲ.

ಪ್ರಶ್ನೆ: ಚರ್ಚಿನ ಗಾಯನ ತಂಡದಲ್ಲಿಯೂ ಮದುವೆ ಕಾರ್ಯಕ್ರಮಗಳಲ್ಲಿಯೂ ಡ್ರಮ್ಸ್ ನುಡಿಸುತ್ತೇನೆ. ನನ್ನ ಸ್ಟೀಲ್ ಸ್ನೇರ್‌ನ ಸದ್ದು ಕಿವಿಗೆ ಚುಚ್ಚುತ್ತದೆ ಎಂದು ಹಾಡುವವರು ದೂರುತ್ತಾರೆ. ಮೇಪಲ್ ಸ್ನೇರ್ ಕೊಂಡರೆ ಸರಿಹೋದೀತೇ? ಆರು ಪದರದ್ದು ಒಳ್ಳೆಯದೋ, ಹತ್ತು ಪದರದ್ದೋ? (ವಿರಾಜಪೇಟೆಯ ವಿದ್ಯಾರ್ಥಿ)

ಉತ್ತರ: ಕೊಳ್ಳುವ ಮೊದಲು ಇರುವ ಡ್ರಮ್ಮನ್ನು ಒಮ್ಮೆ ಪೂರ್ತಿ ಬಿಚ್ಚಿ ಮತ್ತೆ ಕೂಡಿಸಿ ನೋಡಿ. ಸ್ನೇರ್‌ನ ಮೇಲಿನ ಹೆಡ್‌ಗೆ (ಬಾಯಿಗೆ ಬಿಗಿದ ಹಾಳೆಗೆ) ಕೋಲು ಬಿದ್ದಾಗ ಒಳಗಿನ ಗಾಳಿ ಕೆಳಗಿನ ಹೆಡ್ಡನ್ನು ತಳ್ಳುತ್ತದೆ, ಅದಕ್ಕೆ ತಾಗಿಕೊಂಡಿರುವ ತಂತಿಗಳು ನಡುಗುತ್ತವೆ. ನಾವು ಕೇಳುವ ಆ ‘ಚಟ್’ ಎಂಬ ಸದ್ದಿನ ಹುಟ್ಟು ಇದರಲ್ಲಿದೆ. ಮೇಲಿನ ಹೆಡ್ ಸಾಮಾನ್ಯವಾಗಿ ಸುಮಾರು 0.25 ಮಿಲಿಮೀಟರ್ ದಪ್ಪವಿದ್ದರೆ ಕೆಳಗಿನದು 0.08 ಮಿಲಿಮೀಟರಿನಷ್ಟು ತೆಳು. ವರ್ಷಗಟ್ಟಲೆ ಬಡಿಸಿಕೊಂಡು ನಡುವೆ ಗುಳಿಬಿದ್ದ ಹೆಡ್, ಒಂದು ಕಡೆ ಬಿಗಿಯಾಗಿ ಇನ್ನೊಂದು ಕಡೆ ಸಡಿಲವಾಗಿರುವ, ಹೆಡ್ ಬಿಗಿಯುವ ತಿರುಪುಗಳಾದ ಟೆನ್ಷನ್ ರಾಡ್‌ಗಳು, ಅತಿಯಾಗಿ ಎಳೆದ ತಂತಿ, ಇವು ಮೂರು ಸೇರಿದರೆ ಎಂಥ ಡ್ರಮ್ ಆದರೂ ಕರ್ಕಶವಾಗುತ್ತದೆ. ಹೊಸ ಹೆಡ್ ಹಾಕಿ, ಎದುರುಬದುರು ರಾಡ್‌ಗಳನ್ನು ಸರದಿಯಂತೆ ತಿರುಗಿಸುತ್ತ ಸುತ್ತಲೂ ಒಂದೇ ಶ್ರುತಿ ಬರುವಂತೆ ಮಾಡಿ, ಒಂದು ಭಾನುವಾರ ನುಡಿಸಿ ನೋಡಿ.

ಅದರ ನಂತರವೂ ಹಾಡುವವರಿಗೆ ತೊಂದರೆಯಾದರೆ ಮೇಪಲ್‌ಗೆ ಹೋಗುವುದು ಸರಿಯಾದ ನಿರ್ಧಾರವೇ. ಒಳ್ಳೆಯ ವಾದ್ಯಗಳಿಗೆ ಬಳಸುವುದು ಉತ್ತರ ಅಮೆರಿಕದ ಶುಗರ್ ಮೇಪಲ್. ರಸವನ್ನು ಕುದಿಸಿ ಸಿಹಿಪಾಕ ಮಾಡುವುದೂ ಇದೇ ಮರದಿಂದ, 1965ರಿಂದ ಕೆನಡಾದ ಧ್ವಜದಲ್ಲಿರುವುದೂ ಮೇಪಲ್ ಎಲೆಯೇ. ದೀರ್ಘ ಚಳಿಗಾಲದಲ್ಲಿ ನಿಧಾನವಾಗಿ ಬೆಳೆಯುವುದರಿಂದ ಅದರ ನಾರು ಒತ್ತಾಗಿರುತ್ತದೆ. ಒಣಗಿದ ಮರ ಘನ ಮೀಟರಿಗೆ ಸುಮಾರು 700 ಕಿಲೋ ತೂಗುತ್ತದೆ. ಉಕ್ಕಿನ ಶೆಲ್‌ನಲ್ಲಿ (ಡ್ರಮ್ಮಿನ ದುಂಡು ಒಡಲಿನಲ್ಲಿ) ಮೇಲುಸ್ವರಗಳು ಬಹಳ ಹೊತ್ತು ಗುಂಯ್‌ಗುಡುತ್ತವೆ, ಮೇಪಲ್‌ನಲ್ಲಿ ಅವು ಬೇಗ ಅಡಗಿ ಕೆಳಗಿನ ನಾದ ದುಂಡಾಗಿ ಕೇಳುತ್ತದೆ. ಗಾರೆ ಗೋಡೆಯ, ಎತ್ತರದ ಚಾವಣಿಯ ಚರ್ಚಿನಲ್ಲಿ ಪ್ರತಿಧ್ವನಿಯೇ ಸದ್ದನ್ನು ಹಿಗ್ಗಿಸುವುದರಿಂದ ಈ ವ್ಯತ್ಯಾಸ ಅಲ್ಲಿ ಚೆನ್ನಾಗಿಯೇ ತಿಳಿಯುತ್ತದೆ.

ಪದರಗಳ ವಿಚಾರದಲ್ಲಿ ನನ್ನ ಒಲವು ಆರು ಪದರದ ಕಡೆಗಿದೆ. ತೆಳು ಶೆಲ್ ತಾನೂ ಕಂಪಿಸಿ ಮೆಲುವಾಗಿ ನುಡಿಸಿದಾಗಲೂ ತುಂಬಿದ ಸದ್ದು ಕೊಡುತ್ತದೆ; ಹತ್ತು ಪದರದ ದಪ್ಪ ಶೆಲ್ ಗಟ್ಟಿಯಾಗಿ, ನೇರವಾಗಿ ದೂರಕ್ಕೆ ಎಸೆಯುತ್ತದೆ. ಅದು ಬಯಲಿನ ಪೆಂಡಾಲಿಗೆ ಚೆನ್ನ. ನಿಮ್ಮ ಎರಡೂ ಕೆಲಸಕ್ಕೆ 14 ಇಂಚು ಅಗಲ, 5.5 ಇಂಚು ಆಳದ್ದು ಸಾಕು. ಅಂಗಡಿಯಲ್ಲಿ ಬಣ್ಣ ನೋಡಿ ಮರುಳಾಗಬೇಡಿ. ಹೆಡ್ ತೆಗೆಸಿ, ಶೆಲ್‌ನ ಅಂಚನ್ನು ಬೆರಳಿನಿಂದ ಸವರಿ ನೋಡಿ. ಹೆಡ್ ಕೂರುವ ಆ ಅಂಚು ಒಂದೆಡೆ ತಗ್ಗಾಗಿದ್ದರೆ ಮರ ಎಲ್ಲಿಂದ ಬಂದಿದ್ದರೂ ಡ್ರಮ್ ಶ್ರುತಿಯಲ್ಲಿ ನಿಲ್ಲುವುದಿಲ್ಲ. ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಬರಿಯ ಶೆಲ್ ಕೂರಿಸಿ, ದೀಪ ಆರಿಸಿ, ಒಳಗೆ ಮೊಬೈಲಿನ ಟಾರ್ಚ್ ಹಚ್ಚಿಟ್ಟರೆ ತಗ್ಗಿರುವಲ್ಲೆಲ್ಲ ಬೆಳಕು ಸೋರುವುದು ಕಾಣುತ್ತದೆ. ತಂತಿ ಹಾದುಹೋಗುವ ಎರಡು ಎದುರುಬದುರು ಜಾಗಗಳಲ್ಲಿ ಮಾತ್ರ ಕೆಳ ಅಂಚನ್ನು ಬೇಕೆಂದೇ ತುಸು ತಗ್ಗಿಸಿರುತ್ತಾರೆ, ಅದು ದೋಷವಲ್ಲ.

ಪ್ರಶ್ನೆ: ನಮ್ಮ ತಂಡದ ಸಾಮಾನು ಜೀಪಿನಲ್ಲಿ, ಟಾರ್ಪಾಲಿನ ಕೆಳಗೆ ಹೋಗುತ್ತದೆ. ಮೇ ತಿಂಗಳಲ್ಲಿ ಚೆನ್ನಾಗಿದ್ದ ಮೇಪಲ್ ಸ್ನೇರ್ ಸೆಪ್ಟೆಂಬರಿನ ಹೊತ್ತಿಗೆ ಮಂಕಾಗಿದೆ, ಬೇಸ್ ಗಿಟಾರ್ ನುಡಿದರೆ ತಾನೇ ಜರ್ ಎನ್ನುತ್ತದೆ. ಮರ ಕೆಟ್ಟಿತೇ? (ಸೋಮವಾರಪೇಟೆ)

ಉತ್ತರ: ಕೆಟ್ಟಿರಲಾರದು, ಆದರೆ ಮುಂದಿನ ಮಳೆಗಾಲವನ್ನೂ ಹೀಗೆಯೇ ಕಳೆದರೆ ಕೆಡುತ್ತದೆ.

ನೀವು ಬೆಳೆಗಾರರ ನಾಡಿನವರು, ಆದ್ದರಿಂದ ಕಾಫಿಯ ಮೂಲಕವೇ ಹೇಳುತ್ತೇನೆ. ಕಣದಲ್ಲಿ ಪಾರ್ಚ್‌ಮೆಂಟನ್ನು (ತಿರುಳು ತೆಗೆದ, ಸಿಪ್ಪೆಯಿರುವ ಕಾಫಿಬೀಜವನ್ನು) ತೇವಾಂಶ ಶೇಕಡಾ 10ರ ಹತ್ತಿರ ಬರುವವರೆಗೆ ಒಣಗಿಸುತ್ತೇವೆ. ಒಣಗಿದ ಕಾಫಿಬೀಜವನ್ನು ಮಂಗಳೂರಿನ ಗೋದಾಮುಗಳಲ್ಲಿ ಮಳೆಗಾಲದ ಗಾಳಿಗೆ ಹರಡಿದರೆ ತೇವ ಹೀರಿ ಉಬ್ಬುತ್ತದೆ, ಬಣ್ಣ ಕಳೆದುಕೊಳ್ಳುತ್ತದೆ. ಆ ಕಾಫಿಗೆ ಬೇಡಿಕೆಯೂ ಇದೆ. ಡ್ರಮ್ ತಯಾರಕರೂ ಮೇಪಲ್ ಹಾಳೆಗಳನ್ನು ಚೆನ್ನಾಗಿ ಒಣಗಿಸಿಯೇ ಅಂಟಿಸುತ್ತಾರೆ, ಆದರೆ ಉಬ್ಬಿದ ಶೆಲ್ಲಿಗೆ ಯಾರೂ ಹೆಚ್ಚು ಬೆಲೆ ಕೊಡುವುದಿಲ್ಲ. ಒಂದು ಪದರದ ನಾರು ಉದ್ದಕ್ಕೆ, ಮುಂದಿನದು ಅಡ್ಡಕ್ಕೆ ಇರುವುದರಿಂದ ಪದರದ ಶೆಲ್ ಇಡೀ ಹಲಗೆಯಷ್ಟು ಹಿಗ್ಗುವುದಿಲ್ಲ. ಹೊರಮೈಗೆ ಅರಗೋ ಪ್ಲಾಸ್ಟಿಕ್ ಹೊದಿಕೆಯೋ ಇದೆ. ತೇವ ನುಗ್ಗುವುದು ಕಡಿದು ಬಿಟ್ಟ ಅಂಚಿನಿಂದ ಮತ್ತು ಲಗ್ (ರಾಡ್ ಹಿಡಿಯುವ ಲೋಹದ ತುಂಡು) ಕೂರಿಸಲು ಕೊರೆದ ತೂತುಗಳಿಂದ. ಆ ಅಂಚಿಗೆ ವರ್ಷಕ್ಕೊಮ್ಮೆ, ಮೇ ಕೊನೆಯೊಳಗೆ, ತೆಳುವಾಗಿ ಜೇನುಮೇಣ ತಿಕ್ಕಿ ಬಟ್ಟೆಯಿಂದ ಒರೆಸಿ. ಹೆಡ್ ಸಲೀಸಾಗಿ ಕೂರಲೂ ಅದು ನೆರವಾಗುತ್ತದೆ.

ಹೆಡ್ಡಿನ ಬಗ್ಗೆ ಚಿಂತೆ ಬೇಡ. ಅದು ಪಾಲಿಯೆಸ್ಟರ್ ಹಾಳೆ. 1950ರ ದಶಕದ ಕೊನೆಯಲ್ಲಿ ಆ ಹಾಳೆ ಬರುವವರೆಗೆ ಡ್ರಮ್ಮರುಗಳೆಲ್ಲ ಕರುವಿನ ಚರ್ಮದ ಹೆಡ್ ಬಳಸುತ್ತಿದ್ದರು. ಮಳೆ ಬಂದರೆ ಅದು ಸಡಿಲವಾಗುತ್ತಿತ್ತು. ತಮಟೆಯವರು ಬೆಂಕಿ ಹಾಕಿ ಕಾಯಿಸಿಕೊಳ್ಳುವುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.

ನಿಮ್ಮ ಡ್ರಮ್ ಮಂಕಾಗಲು ಕಾರಣ ಬಹುಶಃ ತುಕ್ಕು ಮತ್ತು ಅಲುಗಾಟ. ಜೀಪಿನ ಹಿಂಭಾಗ ಲೀಫ್ ಸ್ಪ್ರಿಂಗಿನ ಮೇಲೆ ಕೂತಿರುತ್ತದೆ. ಖಾಲಿ ಗಾಡಿ ಕಲ್ಲುದಾರಿಯಲ್ಲಿ ಕುಣಿದಷ್ಟೂ ಟೆನ್ಷನ್ ರಾಡ್‌ಗಳು ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತವೆ, ಎಲ್ಲವೂ ಒಂದೇ ಸಮನಾಗಿ ಅಲ್ಲ. ತುಕ್ಕು ಹಿಡಿದ ತಂತಿ ಹೆಡ್ಡಿಗೆ ಸಮನಾಗಿ ಒರಗುವುದಿಲ್ಲ. ರಾಡ್‌ಗಳನ್ನು ಹೊರತೆಗೆದು ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಒಂದೊಂದೇ ಹನಿ ಹಾಕಿ ಮತ್ತೆ ಕೂಡಿಸಿ. ತಂತಿಯನ್ನು ಬದಲಿಸಿಬಿಡಿ. ಅನಂತರವೂ ಬೇಸ್ ಗಿಟಾರಿಗೆ ಜರ್ ಎಂದರೆ ಕೆಳಗಿನ ಹೆಡ್ಡಿನ ಶ್ರುತಿಯನ್ನು ಕಾಲು ಸುತ್ತು ಏರಿಸಿ ನೋಡಿ. ಸ್ವಲ್ಪ ಮಟ್ಟಿನ ಜರ್ ಎಲ್ಲ ಸ್ನೇರ್‌ಗಳ ಸ್ವಭಾವ, ಅದನ್ನು ಪೂರ್ತಿ ಅಡಗಿಸಲು ತಂತಿಯನ್ನು ಬಿಗಿದರೆ ಡ್ರಮ್ ಉಸಿರುಗಟ್ಟುತ್ತದೆ.

ಇನ್ನೊಂದು ಮಾತು, ನನ್ನದೇ ತಪ್ಪಿನಿಂದ ಕಲಿತದ್ದು. ಒಂದು ಜುಲೈಯಲ್ಲಿ ಕರಾವಳಿಯ ಕಾರ್ಯಕ್ರಮ ಮುಗಿಸಿ ಸಂಪಾಜೆ ಘಾಟಿ ಹತ್ತಿ ರಾತ್ರಿ ಮಡಿಕೇರಿಗೆ ಬಂದಾಗ ಚೀಲದೊಳಗೆ ಹೂಪಿನ (ಹೆಡ್ಡನ್ನು ಹಿಡಿದಿಡುವ ಬಳೆಯ) ಮೇಲೆಲ್ಲ ನೀರಹನಿ ಇತ್ತು. ಮಳೆ ತಾಗಿರಲಿಲ್ಲ, ಕೆಳಗಿನ ಬಿಸಿ ತೇವಗಾಳಿ ಚೀಲದಲ್ಲಿ ಸಿಕ್ಕಿಕೊಂಡು ಮೇಲಿನ ಚಳಿಗೆ ನೀರಾಗಿತ್ತು. ಗಾಬರಿಯಲ್ಲಿ ಶೆಲ್ಲನ್ನು ಒಲೆಯ ಪಕ್ಕ ಇಟ್ಟು ಮಲಗಿದೆ. ಬೆಳಗ್ಗೆ ನೋಡಿದರೆ ಒಳಪದರ ಬೆಸುಗೆಯ ಬಳಿ ಎದ್ದುಬಿಟ್ಟಿತ್ತು. ಆ ಡ್ರಮ್ ಮತ್ತೆ ಮೊದಲಿನಂತೆ ಆಗಲೇ ಇಲ್ಲ, ಇಂದಿಗೂ ಅದನ್ನು ನೆನೆದರೆ ನೋವಾಗುತ್ತದೆ. ಒದ್ದೆಯಾದ ಶೆಲ್ಲನ್ನು ಬಟ್ಟೆಯಿಂದ ಒರೆಸಿ, ಒಲೆ, ಹೀಟರ್, ಬಿಸಿಲು ಮೂರರಿಂದಲೂ ದೂರ, ಗಾಳಿಯಾಡುವ ಕೋಣೆಯಲ್ಲಿ ಎರಡು ಮೂರು ದಿನ ಬಿಡಬೇಕು. ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿಡಿ, ಬಣ್ಣ ಬದಲಾದಾಗ ಅವನ್ನು ಬದಲಿಸಿ.

ಪ್ರಶ್ನೆ: ಐದು ತುಂಡಿನ ಕಿಟ್ ಹೊರಲು ಸೆಕೆಂಡ್ ಹ್ಯಾಂಡ್ ಓಮ್ನಿ ತೆಗೆದುಕೊಳ್ಳಲೇ, ಮನೆಯವರು ಹೇಳುವ ಸಣ್ಣ ಕಾರೇ, ಅಥವಾ ಬೊಲೆರೊವೇ? ತಿಂಗಳಿಗೆ ನಾಲ್ಕೈದು ಕಾರ್ಯಕ್ರಮ, ಅವುಗಳಲ್ಲಿ ಹೆಚ್ಚಿನವು ಮೈಸೂರು ಕಡೆಗೆ. (ಗೋಣಿಕೊಪ್ಪಲು)

ಉತ್ತರ: ಅಳತೆಪಟ್ಟಿ ಹಿಡಿದು ಆರಂಭಿಸೋಣ. ನಿಮ್ಮ ಬೇಸ್ ಡ್ರಮ್ 22 ಇಂಚಿನದಾದರೆ ಅಡ್ಡಗಲವೇ 56 ಸೆಂಟಿಮೀಟರ್. ಹೂಪ್, ಚೀಲ ಸೇರಿದರೆ 60 ದಾಟುತ್ತದೆ. ಗಾಡಿಯೊಳಗೆ ಎಷ್ಟು ಜಾಗವಿದೆ ಎಂಬುದಕ್ಕಿಂತ ಬಾಗಿಲು ಎಷ್ಟು ಅಗಲ ತೆರೆಯುತ್ತದೆ ಎಂಬುದು ಮುಖ್ಯ. ಸಣ್ಣ ಕಾರಿನಲ್ಲಿ ಹಿಂದಿನ ಸೀಟು ಮಡಚಿದರೂ ಇದೊಂದು ಡ್ರಮ್ ಹಿಂಬಾಗಿಲಿನಲ್ಲಿ ತುರುಕಿ ನಿಲ್ಲುವುದನ್ನು ಹಲವರ ಮನೆಯಂಗಳದಲ್ಲಿ ಕಂಡಿದ್ದೇನೆ. 18 ಅಥವಾ 20 ಇಂಚಿನ ಬೇಸ್ ಡ್ರಮ್ ಇರುವವರಿಗೆ, ಎತ್ತರದ ಮೈಯ ಸಣ್ಣ ಕಾರು ಸಾಕಾದೀತು.

ಓಮ್ನಿಯ ಗುಣ ಎಲ್ಲರಿಗೂ ಗೊತ್ತು: ಪಕ್ಕಕ್ಕೆ ಸರಿಯುವ ಬಾಗಿಲು, ತಗ್ಗಿನ ನೆಲ, ಸೀಟು ತೆಗೆದರೆ ಪೆಟ್ಟಿಗೆಯಂಥ ಜಾಗ. 1984ರಲ್ಲಿ ಬಂದ ಆ ವ್ಯಾನಿನ ತಯಾರಿಕೆ 2019ರಲ್ಲಿ ನಿಂತಿತು, ಆದ್ದರಿಂದ ಈಗ ಸಿಗುವುದೆಲ್ಲ ಹಳೆಯದೇ. ಬಾಗಿಲಿನ ರಬ್ಬರ್ ಪಟ್ಟಿ ಒಣಗಿದೆಯೇ, ನೆಲದ ತಗಡು ತುಕ್ಕು ತಿಂದಿದೆಯೇ ಎಂದು ಮ್ಯಾಟ್ ಎತ್ತಿ ನೋಡದೆ ಮುಂಗಡ ಕೊಡಬೇಡಿ. ಅದರ ಎಂಜಿನ್ ಮುಂದಿನ ಸೀಟುಗಳ ಕೆಳಗಿರುವುದರಿಂದ ಆ ಸೀಟಿನ ಬೆನ್ನಿಗೆ ಒರಗಿಸಿ ಸ್ನೇರ್ ಇಡಬಾರದು. ಘಾಟಿ ಹತ್ತುವಾಗ ಅಲ್ಲಿ ಶಾಖ ಹೆಚ್ಚು. ಅದೇ ಬಗೆಯ ಅನುಕೂಲ ಇನ್ನೂ ಹೊಸ ಗಾಡಿಯಲ್ಲಿ ಬೇಕೆಂದರೆ 2010ರಲ್ಲಿ ಬಂದ ಈಕೋ ಇದೆ. ಬೊಲೆರೊ ತೋಟದ ದಾರಿಗೆ ಬಲವಾದದ್ದು, ಆದರೆ ನೆಲ ಎತ್ತರ. ಸ್ಟ್ಯಾಂಡು, ಪೆಡಲು ತುಂಬಿದ ಹಾರ್ಡ್‌ವೇರ್ ಚೀಲ ಸುಲಭವಾಗಿ 20 ಕಿಲೋ ಆಗುತ್ತದೆ. ಅದನ್ನು ಮಧ್ಯರಾತ್ರಿ ಮಳೆಯಲ್ಲಿ ಸೊಂಟದೆತ್ತರಕ್ಕೆ ಎತ್ತುವವರು ನೀವು. ನಿಮ್ಮ ದಾರಿ ಬಹುಪಾಲು ಡಾಂಬರಿನದಾಗಿರುವುದರಿಂದ ನನ್ನ ಸಲಹೆ ಈಕೋ ಕಡೆಗೆ, ಅಥವಾ ನಂಬಿಕೆಯ ಮೆಕ್ಯಾನಿಕ್ ಒಪ್ಪಿದ ಓಮ್ನಿ ಕಡೆಗೆ.

ಗಾಡಿ ಯಾವುದೇ ಆಗಲಿ, ಹಾರ್ಡ್‌ವೇರ್ ಚೀಲ ಎಲ್ಲಕ್ಕಿಂತ ಕೆಳಗೆ, ಸೀಟಿಗೆ ಒತ್ತಿಕೊಂಡು ಕಟ್ಟಿರಬೇಕು, ಇಲ್ಲವಾದರೆ ಗಟ್ಟಿ ಬ್ರೇಕ್ ಹಾಕಿದಾಗ ಅದು ನಿಮ್ಮ ಬೆನ್ನಿಗೇ ಬರುತ್ತದೆ. ಸ್ನೇರ್ ಎಲ್ಲಕ್ಕಿಂತ ಮೇಲೆ, ತಂತಿಯ ಬದಿಗೆ ಏನೂ ಒತ್ತದಂತೆ. ಟಾಪ್ ಕ್ಯಾರಿಯರ್ ಮೇಲೆ ಯಾವ ಡ್ರಮ್ಮನ್ನೂ ಹಾಕಬೇಡಿ. ಏಪ್ರಿಲ್ ತಿಂಗಳ ಮೈಸೂರಿನಲ್ಲಿ ಮುಚ್ಚಿದ ಗಾಡಿಯೊಳಗೆ ಮಧ್ಯಾಹ್ನವಿಡೀ ಡ್ರಮ್ ಬಿಟ್ಟು ಊಟಕ್ಕೆ ಹೋಗುವುದೂ ಮಳೆಯಲ್ಲಿ ನೆನೆಸಿದಷ್ಟೇ ಹಾನಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದ್ದನ್ನು ಕಂಡವರು ಮಳೆಗಾಲದ ಕಾರ್ಯಕ್ರಮಕ್ಕೆ ಹೊರಡುವಾಗ ಸ್ನೇರ್‌ಗೆ ಒಂದು ಹೆಚ್ಚುವರಿ ಪ್ಲಾಸ್ಟಿಕ್ ಹೊದಿಕೆಯನ್ನೂ, ದಾರಿಯಲ್ಲೇ ರಾತ್ರಿ ಕಳೆಯುವ ಸಿದ್ಧತೆಯನ್ನೂ ಇಟ್ಟುಕೊಳ್ಳುತ್ತಾರೆ.

ಪ್ರಶ್ನೆ: ನಮ್ಮ ತೋಟದಲ್ಲಿ ಬಿದ್ದ ಹಲಸಿನ ಮರವೂ ಸಿಲ್ವರ್ ಓಕ್ ಹಲಗೆಯೂ ಇವೆ. ಊರಿನ ಬಡಗಿಯಿಂದ ಮೇಪಲ್‌ಗೆ ಸಮನಾದ ಸ್ನೇರ್ ಮಾಡಿಸಬಹುದೇ? (ನಾಪೋಕ್ಲು)

ಉತ್ತರ: ಸಿಲ್ವರ್ ಓಕ್ ಮೇಪಲ್‌ಗಿಂತ ಹಗುರ, ಮೃದು, ಕಾಫಿಗೆ ನೆರಳಾಗಿ, ಕಾಳುಮೆಣಸಿನ ಬಳ್ಳಿಗೆ ಆಸರೆಯಾಗಿ ಅದರ ಉಪಕಾರ ದೊಡ್ಡದು, ಸ್ನೇರ್‌ನ ಅಂಚು ಮಾತ್ರ ಅದರಲ್ಲಿ ಬೇಗ ಸವೆಯುತ್ತದೆ. ಹಲಸಿನ ಮಾತು ಬೇರೆ. ಮೃದಂಗ ಹುಟ್ಟುವುದೇ ಆ ಮರದಲ್ಲಿ. ಅದರ ಸ್ನೇರ್ ಮೇಪಲ್‌ನಂತೆ ಕೇಳದಿರಬಹುದು, ಕೇಳಬೇಕಾಗಿಯೂ ಇಲ್ಲ. ತೆಳು ಹಾಳೆ ಸುತ್ತಿ ಅಂಟಿಸುವುದು ಬಡಗಿಯ ಮನೆಯಲ್ಲಿ ಆಗದ ಕೆಲಸ. ಪೀಪಾಯಿ ಕಟ್ಟುವಂತೆ ಇಪ್ಪತ್ತು ಪಟ್ಟಿಗಳನ್ನು ಓರೆ ಕೊಯ್ದು ಜೋಡಿಸುವ ವಿಧಾನವೇ ಸೂಕ್ತ. ಇಪ್ಪತ್ತು ಪಟ್ಟಿಯಾದರೆ ಪ್ರತಿ ಬದಿಯ ಓರೆ 9 ಡಿಗ್ರಿ. ಮರ ಬಿದ್ದ ಕೂಡಲೇ ಕೊಯ್ದು ಕೂಡಿಸಬೇಡಿ. ಹಲಗೆ ಮಾಡಿ, ನಡುವೆ ರೀಪು ಇಟ್ಟು ಪೇರಿಸಿ, ಕನಿಷ್ಠ ಒಂದು ಮಳೆಗಾಲ ಮತ್ತು ಒಂದು ಬೇಸಿಗೆಯನ್ನು ನೆರಳಿನಲ್ಲಿ ಕಳೆಯಲು ಬಿಡಿ. ಮೊದಲು ಪೂರ್ತಿ ದುಂಡಗೆ ತಿರುಗಿಸಿಕೊಡಬಲ್ಲ ಲೇತ್ ಎಲ್ಲಿದೆ ಎಂದು ವಿಚಾರಿಸಿ. ಹೂಪ್, ಲಗ್, ತಂತಿ ಬಿಗಿಯುವ ಸ್ಟ್ರೈನರ್ ಅಂಗಡಿಯಲ್ಲಿ ಸಿಗುತ್ತವೆ. ಬೀಟೆ ಮರದ ಬಗ್ಗೆಯೂ ಕೇಳಿದ್ದೀರಿ. ಅದು ತುಂಬ ಭಾರ, ಕಡಿಯಲು ಅರಣ್ಯ ಇಲಾಖೆಯ ಅನುಮತಿಯೂ ಬೇಕು. ಒಂದು ಡ್ರಮ್ಮಿಗಾಗಿ ಅದನ್ನು ಮುಟ್ಟಬೇಡಿ.

ಪ್ರಶ್ನೆ: ಕಾರಿಲ್ಲ. ಸ್ನೇರ್ ಒಂದನ್ನೇ ಸ್ಕೂಟರಿನಲ್ಲಿ ಮಡಿಕೇರಿಯ ತಾಲೀಮಿಗೆ ಒಯ್ಯಬಹುದೇ? (ಕುಶಾಲನಗರ)

ಉತ್ತರ: ಧಾರಾಳವಾಗಿ ಒಯ್ಯಬಹುದು. ಮರದ ಸ್ನೇರ್ ಸುಮಾರು 3ರಿಂದ 4 ಕಿಲೋ ಮಾತ್ರ. ಹಿತ್ತಾಳೆಯದಾದರೆ ಭುಜ ಸೋಲುತ್ತದೆ. ಎರಡು ಪಟ್ಟಿಯ, ಒಳಗೆ ದಪ್ಪ ಸ್ಪಂಜಿರುವ ಬೆನ್ನುಚೀಲ ಕೊಳ್ಳಿ, ತಂತಿಯ ಬದಿ ನಿಮ್ಮ ಬೆನ್ನಿನ ಕಡೆಗಿರಲಿ, ಮೇಲೆ ರೇನ್‌ಕೋಟ್ ತೊಡಿ. ಕಾಲ ಬಳಿ ಫುಟ್‌ಬೋರ್ಡಿನಲ್ಲಿ ಇಟ್ಟರೆ ತಿರುವಿನಲ್ಲಿ ಹ್ಯಾಂಡಲ್ ತಾಗುತ್ತದೆ. ಸುಮಾರು 30 ಕಿಲೋಮೀಟರ್ ಏರಿ ತಣ್ಣಗಿನ ಊರಿಗೆ ಬಂದಿರುತ್ತೀರಿ. ತಾಲೀಮಿನ ಕೋಣೆಯಲ್ಲಿ ಚೀಲದ ಜಿಪ್ ತೆರೆದು ಅರ್ಧ ಗಂಟೆ ಹಾಗೆಯೇ ಬಿಡಿ. ಶ್ರುತಿ ಮಾಡುವುದು ಆಮೇಲೆ.