ತೇನೆ ಹಕ್ಕಿ ಮರಿಗೆ ಅನ್ನ ಇಡಬೇಡಿ

ಚಳ್ಳಕೆರೆ ತಾಲ್ಲೂಕಿನ ಓದುಗರೊಬ್ಬರ ಪತ್ರ: ನಮ್ಮ ಶೇಂಗಾ ಹೊಲದ ಪಕ್ಕ ದನ ಮೇಯುವ ಬೀಳಿದೆ. ಅಲ್ಲಿ ತೇನೆ ಹಕ್ಕಿ ನಾಲ್ಕು ಮರಿ ಮಾಡಿದೆ. ತಾಯಿ ಒಂದು ತುತ್ತೂ ಕೊಡುವುದಿಲ್ಲ. ಅನ್ನ ಇಟ್ಟೆ, ಮುಟ್ಟಲಿಲ್ಲ. ಮನೆಗೆ ತಂದು ಸಾಕಲೇ?

ಸಂಪಾದಕರ ಉತ್ತರ: ದಯವಿಟ್ಟು ತರಬೇಡಿ. ಕಾಗೆ, ಗುಬ್ಬಿಯ ಹಾಗೆ ಬಾಯಿಗೆ ತುತ್ತಿಡುವ ಜಾತಿ ಇದಲ್ಲ. ಮೊಟ್ಟೆಯೊಡೆದು ಮೈ ಒಣಗಿದರೆ ಸಾಕು, ಮರಿ ಎದ್ದು ಓಡಾಡುತ್ತದೆ, ತಾನೇ ಹೆಕ್ಕಿ ತಿನ್ನುತ್ತದೆ. ಅಪ್ಪ ಅಮ್ಮನದು ಕಾಯುವ ಕೆಲಸ. ನಾಯಿ ಬಂದರೆ ಕೂಗಿ ಎಚ್ಚರಿಸುತ್ತವೆ, ಬಿಸಿಲಾದರೆ ರೆಕ್ಕೆಯಡಿ ಸೇರಿಸಿಕೊಳ್ಳುತ್ತವೆ.

ಮರಿಗೆ ಬೇಕಾದದ್ದು ಇರುವೆ, ಗೆದ್ದಲು, ಸಣ್ಣ ಮಿಡತೆ, ಜೇಡ, ಸಗಣಿಯ ದುಂಬಿ. ಐದಾರು ವಾರದಲ್ಲಿ ರೆಕ್ಕೆ ಬಲಿತು ಹಾರಬೇಕಲ್ವಾ? ಅನ್ನದಿಂದ ಅದು ಆಗುವುದಿಲ್ಲ.

ಹೋದ ಮುಂಗಾರಿನಲ್ಲಿ ಜಗಳೂರು ಕಡೆಯ ಒಂದು ಗೋಮಾಳದಲ್ಲಿ ಬದುವಿನ ಮೇಲೆ ಕೂತು ನೋಡಿದ್ದೆ. ಎರಡು ದಿನದ ಸಗಣಿ. ಮೇಲೆ ಒಣಗಿತ್ತು, ಒಳಗೆ ಹಸಿ. ಮರಿ ನಾಲ್ಕು ಹೆಜ್ಜೆ ಓಡುತ್ತದೆ, ತಟ್ಟನೆ ನಿಲ್ಲುತ್ತದೆ, ಕತ್ತು ಓರೆ ಮಾಡುತ್ತದೆ, ಕುಕ್ಕುತ್ತದೆ. ಅಂಚಿನಲ್ಲಿ ಕಪ್ಪು ದುಂಬಿಯೊಂದು ಹೊರಬಂತು. ಮರಿ ಹಿಡಿಯಿತು, ಬೀಳಿಸಿತು, ಮತ್ತೆ ಹಿಡಿಯಿತು, ಮೂರನೇ ಸಲಕ್ಕೆ ನುಂಗಿತು. ಆ ಒಂದೇ ಸಗಣಿಯ ಸುತ್ತ ಕಾಲು ಗಂಟೆ ಸುತ್ತಿತು!

ಅದಕ್ಕೇ ನಿಮ್ಮ ಬೀಳು ಅಷ್ಟು ಬೆಲೆಯ ಜಾಗ. ದನ ಮೇಯ್ದ ಗಿಡ್ಡ ಹುಲ್ಲಿನಲ್ಲಿ ಹುಳ ಕಣ್ಣಿಗೆ ಬೀಳುತ್ತದೆ. ನೇಪಿಯರ್ ಹುಲ್ಲು ಒತ್ತಾಗಿ ಬೆಳೆದರೆ ಆ ಪುಟ್ಟ ಕಾಲು ಒಳಗೆ ನುಗ್ಗಲಾರದು. ಎಲ್ಲ ಹಕ್ಕಿಗೂ ಗಿಡ್ಡ ಹುಲ್ಲೇ ಬೇಕು ಅಂತಲ್ಲ. ನೆದರ್ಲೆಂಡ್ಸ್‌ನಲ್ಲಿ ಗಾಡ್ವಿಟ್ ಎಂಬ ಉದ್ದ ಕೊಕ್ಕಿನ ಹಕ್ಕಿಯ ಮರಿಗಳು ಎತ್ತರದ ಹುಲ್ಲಿನ ದಂಟಿನಿಂದ ಹುಳ ಆರಿಸಿ ತಿನ್ನುತ್ತವೆ. ಅಲ್ಲಿ ಗೊಬ್ಬರ ಸುರಿದು ಹುಲ್ಲನ್ನು ಒತ್ತಾಗಿ ಬೆಳೆಸಿ, ಬೇಗ ಕೊಯ್ಯುತ್ತಾರೆ. ಮರಿಗಳು ಉಳಿಯುವುದೇ ಕಷ್ಟವಾಗಿದೆ.

ಬೀಳಿಗೆ ಕೀಟನಾಶಕ ಹೊಡೆಯಬೇಡಿ. ದನಗಳಿಗೆ ಹುಳದ ಔಷಧ ಐವರ್ಮೆಕ್ಟಿನ್ ಹಾಕಿಸಿದ್ದರೆ ಅದರ ಅಂಶ ಸಗಣಿಯಲ್ಲಿ ಬಂದು ದುಂಬಿಯ ಮರಿಹುಳ ಸಾಯುತ್ತದೆ. ಔಷಧ ಬಿಡಿ ಅನ್ನುತ್ತಿಲ್ಲ, ಕೆಲವು ವಾರ ಆ ದನಗಳನ್ನು ಬೇರೆ ಕಡೆ ಕಟ್ಟಿ. ಹುಲ್ಲು ಕೊಯ್ಯುವ ಮೊದಲು ಒಮ್ಮೆ ನಡೆದು ನೋಡಿ. ತಾಯಿ ಕೂಗಿದರೆ ಎಳೆಮರಿ ಓಡುವುದಿಲ್ಲ, ನೆಲಕ್ಕಂಟಿ ಕೂರುತ್ತದೆ, ಕುಡುಗೋಲಿಗೆ ಸಿಕ್ಕಿಬಿಡುತ್ತದೆ.

ಇಟ್ಟ ಅನ್ನವನ್ನು ಇವತ್ತೇ ತೆಗೆದುಬಿಡಿ. ಅನ್ನಕ್ಕೆ ಕಾಗೆ ಬರುತ್ತದೆ, ಕಾಗೆಗೆ ಮರಿ ಕಾಣುತ್ತದೆ.